ಕೊನೇ ರೂಮಿನ ಬೇವಿನಸೊಪ್ಪು

ಮಾರೇನಹಳ್ಳಿಯ ಹುಣಸೆಮರದ ಆಸ್ಪತ್ರೆಗೆ ಬೋರ್ಡಿನ ಮೇಲೆ ಬೇರೇನೋ ಹೆಸರಿತ್ತು. ಅದನ್ನು ಓದುವ ಪುರುಸೊತ್ತು ಯಾರಿಗಿತ್ತು? ಬಾಪೂಜಿ ನಗರದಿಂದಲೋ ಗೋವಿಂದರಾಜನಗರದಿಂದಲೋ ನೋವು ತಿನ್ನುತ್ತ ಆಟೋದಲ್ಲಿ ಬರುವವರು "ಹುಣಸೆಮರದ ಆಸ್ಪತ್ರೆಗೆ ಬಿಡಪ್ಪ" ಅಂದರೆ ಸಾಕು, ಆಟೋದವನು ಮತ್ತೆ ತಿರುಗಿ ಕೇಳುತ್ತಿರಲಿಲ್ಲ. ಒಂದು ಹೆರಿಗೆ ವಾರ್ಡು, ಒಂದು ಥಿಯೇಟರು, ಹಿಂದುಗಡೆ ಮುರಿದ ಮಂಚ, ಹಳೇ ಹಾಸಿಗೆ ತುಂಬಿದ ಕೊನೇ ರೂಮು, ಮೇಲೊಂದು ತಾರಸಿ. ಆಸ್ಪತ್ರೆ ಅಂದರೆ ಅಷ್ಟೇ. ಅಲ್ಲಿ ಸ್ಟಾಫ್ ನರ್ಸ್ ಆಗಿದ್ದ ವಿಮಲಮ್ಮನಿಗೆ ಈಗಲೂ ಆ ಆಸ್ಪತ್ರೆ ಅಂದ ಕೂಡಲೆ ಕಣ್ಣಿಗೆ ಕಟ್ಟುವುದು ಆ ತಾರಸಿಯೇ.

ಎಂಬತ್ತರ ದಶಕದ ಆ ದಿನಗಳಲ್ಲಿ ಕೈಗೆ ಹಾಕುವ ರಬ್ಬರ್ ಗ್ಲೌಸನ್ನು ಒಂದು ಸಲ ಹಾಕಿ ಬಿಸಾಡುತ್ತಾರೆ ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ತೊಳೆದು, ಕುದಿಸಿ, ಮತ್ತೆ ಹಾಕಬೇಕು. ಮಧ್ಯಾಹ್ನದ ಊಟವಾಗಿ ಬಾಣಂತಿಯರೆಲ್ಲ ಮಗ್ಗುಲಾದ ಮೇಲೆ ವಿಮಲಮ್ಮನೂ ಆಯಾ ಅಂಜಮ್ಮನೂ ತಾರಸಿ ಹತ್ತುತ್ತಿದ್ದರು. ಹಗ್ಗದ ತುಂಬ ಕ್ಲಿಪ್ಪು ಹಾಕಿ ತೂಗುಬಿಟ್ಟ ಗ್ಲೌಸುಗಳು. ಗಾಳಿ ಬಂದಾಗ ಬೆರಳೆಲ್ಲ ಉಬ್ಬಿ, ಯಾರೋ ಸಾಲಾಗಿ ನಿಂತು ಕೈ ಬೀಸಿದ ಹಾಗೆ ಕಾಣುತ್ತಿದ್ದವು. ಒಂದೊಂದನ್ನೇ ತೆಗೆದು, ಗಾಳಿ ತುಂಬಿ, ಬಾಯಿ ತಿರುಚಿ ಬಕೆಟ್ಟಿನ ನೀರಿಗೆ ಅದ್ದುವುದು. ಗುಳ್ಳೆ ಬಂದರೆ ತೂತು. ತೂತಿಗೆ ಹರಿದ ಗ್ಲೌಸಿನ ಚೂರು ಕತ್ತರಿಸಿ, ಮೂಲೆ ಸೈಕಲ್ ಶಾಪಿನ ವೆಂಕಟಗಿರಿಯಿಂದ ತಂದ ಪಂಕ್ಚರ್ ಸೊಲ್ಯೂಷನ್ ಹಚ್ಚಿ ಒತ್ತಿ ಹಿಡಿಯುವುದು. ತೇಪೆಯದು ವಾರ್ಡಿಗೆ, ತೇಪೆಯಿಲ್ಲದ್ದು ಥಿಯೇಟರಿಗೆ. ಕೊನೆಗೆ ಪೌಡರು. ಕೆಳಗೆ ಇಳಿಯುವಾಗ ಇಬ್ಬರ ಮೂಗು, ಹುಬ್ಬು ಎಲ್ಲ ಬೆಳ್ಳಗೆ.

"ಮದುವಣಗಿತ್ತಿ ಹಂಗೆ ಕಾಣ್ತೀರ ಸಿಸ್ಟರಮ್ಮ," ಎನ್ನುತ್ತಿದ್ದಳು ಅಂಜಮ್ಮ.

"ನೀನು ಹಿಟ್ಟಿನ ಗಿರಣಿ ಮುನಿಯಪ್ಪನ ಹಂಗೆ ಕಾಣ್ತೀಯ, ನಡಿ."

ಆ ಗ್ಲೌಸೆಲ್ಲ ಡಾಕ್ಟರ ಕೈಗೆ, ನರ್ಸುಗಳ ಕೈಗೆ. ರಕ್ತದ ಬಟ್ಟೆ ಒಗೆದು ಹಿಂಡುವ ಅಂಜಮ್ಮನ ಕೈಗೆ ಒಂದು ದಿನವೂ ಬಂದಿರಲಿಲ್ಲ. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ತೇಪೆ ಹಾಕುತ್ತಿದ್ದ ಅಂಜಮ್ಮನಿಗೂ ಅನ್ನಿಸಿರಲಿಲ್ಲ.

ಎಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಡಾಕ್ಟರ್ ಲಕ್ಷ್ಮೀಪತಿ ವಿಮಲಮ್ಮನನ್ನು ರೂಮಿಗೆ ಕರೆದು, "ಸಿಸ್ಟರ್, ಬಾಗಿಲು ಹಾಕಿ" ಎಂದರು. ಆಸ್ಪತ್ರೆ ಅವರದೇ. ದನಿ ಎತ್ತಿ ಮಾತಾಡುವ ಮನುಷ್ಯ, ಅವತ್ತು ಪಿಸುಗುಟ್ಟುತ್ತಿದ್ದರು.

"ದೊಡ್ಡಾಸ್ಪತ್ರೆಯಿಂದ ನನ್ನ ಕ್ಲಾಸ್‌ಮೇಟ್ ಫೋನ್ ಮಾಡಿದ್ದ. ಒಬ್ಬ ಹೆಣ್ಣುಮಗಳು, ದಿನ ತುಂಬಿದೆ. ಗಂಡ ಲಾರಿ ಡ್ರೈವರ್, ಯುಗಾದಿಗೆ ಮುಂಚೆ ತೀರ್ಕೊಂಡ. ಎಲ್ರೂ ಟೀಬಿ ಅಂದ್ಕೊಂಡಿದಾರೆ. ಟೀಬಿ ಒಂದೇ ಅಲ್ಲ. ಇವಳ ರಕ್ತದಲ್ಲೂ ಆ ಹೊಸಾದು ಇದೆಯಂತೆ."

"ಏಡ್ಸಾ ಸಾರ್?"

"ಮೆಲ್ಲಗೆ. ಕಾಯಿಲೆ ಇನ್ನೂ ಆಗಿಲ್ಲ, ವೈರಸ್ ಇದೆ. ಅಲ್ಲಿ ವಾರ್ಡಿನವರು ಒಲ್ಲೆ ಅಂದಿದಾರೆ, ಎರಡು ನರ್ಸಿಂಗ್ ಹೋಮಿನವರು ಮೆಟ್ಟಿಲಲ್ಲೇ ವಾಪಸ್ ಕಳಿಸಿದಾರೆ. ನಾನು ಆಗಲ್ಲ ಅಂತ ಹೇಳೋಕೆ ಬಾಯಿ ತೆಗೆದೆ; 'ಬರಲಿ' ಅಂದ್ಬಿಟ್ಟೆ. ಈಗ ಭಯ ಆಗ್ತಾ ಇದೆ."

ಸುಳ್ಳಾಡದೆ ಹೀಗೆ ಹೇಳಿಕೊಂಡಿದ್ದಕ್ಕೇ ವಿಮಲಮ್ಮನಿಗೆ ಅವರ ಮೇಲೆ ಗೌರವ ಹೆಚ್ಚಿತು. ಆ ಕಾಯಿಲೆಯ ಬಗ್ಗೆ ಅವಳೂ ಪೇಪರಿನಲ್ಲಿ ಬಂದದ್ದನ್ನೆಲ್ಲ ಓದಿದ್ದಳು, ಓದಿದಷ್ಟೂ ಹೆದರಿದ್ದಳು.

ಡಾಕ್ಟರು ಆಗಲೇ ಯೋಚಿಸಿಟ್ಟಿದ್ದರು. ಕೊನೇ ರೂಮು ಖಾಲಿ ಮಾಡಿಸುವುದು. ನೋಡಲು ಬರುವವರಿಗೆ ಪ್ರವೇಶವಿಲ್ಲ. ಕೆಲಸದವರು ಮರೆಯದಿರಲಿ ಅಂತ ಬಾಗಿಲಿಗೆ ಒಂದು ಕೆಂಪು ಬಟ್ಟೆ. ಬಟ್ಟೆಬರೆ ಒಗೆಯುವ ಅಂಜಮ್ಮನಿಗೆ ಮಾತ್ರ ವಿಷಯ ಹೇಳುವುದು.

ಸಾಯಂಕಾಲ ಮುನಿಲಕ್ಷ್ಮಮ್ಮ ಬಂದಳು. ಒಬ್ಬಳೇ, ಕೈಯಲ್ಲೊಂದು ವೈರ್ ಬ್ಯಾಗು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕೊನೇ ರೂಮಿನ ಮಂಚದ ಅಂಚಿನಲ್ಲಿ, ಹಾಸಿಗೆ ಕೊಳೆಯಾದೀತೇನೋ ಅನ್ನುವ ಹಾಗೆ ಕೂತಳು. ವಿಮಲಮ್ಮ ಹೊಟ್ಟೆ ಮುಟ್ಟಿ ನೋಡಿದಾಗ ಆ ಹುಡುಗಿಯ ಕಣ್ಣು ತುಂಬಿತು.

"ನೋಯ್ತಾ?"

"ಇಲ್ಲ ಅಕ್ಕ. ಅಲ್ಲಿ ಯಾರೂ ಮುಟ್ಟಲಿಲ್ಲ. ದೂರದಿಂದ್ಲೇ ಕೇಳಿದ್ರು."

ವಿಮಲಮ್ಮನ ಕೈ ಹಿಡಿದುಕೊಂಡು ಅವಳೇ ಮಾತೆತ್ತಿದಳು. "ಅಕ್ಕ, ಒಂದು ಕೇಳ್ಕೊತೀನಿ. ನಮ್ ವಠಾರದಲ್ಲಿ ಗೊತ್ತಾಗೋದು ಬೇಡ. ಬಾಪೂಜಿ ನಗರದಲ್ಲಿ ಅಕ್ಕಯ್ಯಜ್ಜಿ ವಠಾರ ನಮ್ದು. ಗೊತ್ತಾದ್ರೆ ಅವತ್ತೇ ಮನೆ ಖಾಲಿ ಮಾಡಿಸ್ತಾರೆ. ತವರಲ್ಲಿ ಯಾರೂ ಇಲ್ಲ. ಹಸೀ ಕೂಸು ಎತ್ಕೊಂಡು ಎಲ್ಲಿಗೆ ಹೋಗ್ಲಿ?"

"ನನ್ನ ಬಾಯಿಂದ ಹೊರಗೆ ಬರಲ್ಲ ಕಣಮ್ಮ," ಎಂದಳು ವಿಮಲಮ್ಮ. ಅವಳಿಗೆ ಅಕ್ಕಯ್ಯಮ್ಮ ಚೆನ್ನಾಗಿ ಗೊತ್ತು. ವಠಾರದ ಯಜಮಾನಿ, ಸುತ್ತಮುತ್ತಲ ಬೀದಿಯ ಕೂಸುಗಳಿಗೆಲ್ಲ ಕಾಲಮೇಲೆ ಹಾಕಿಕೊಂಡು ನೀರೆರೆಯುವ ಮುದುಕಿ. ಅವಳ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಒಂದು ಬೆಕ್ಕೂ ಮರಿ ಹಾಕುತ್ತಿರಲಿಲ್ಲ.

ಹೊರಗೆ ಬಂದರೆ ಅಂಜಮ್ಮ ಕೆಂಪು ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದಳು. ಡಾಕ್ಟರು ಅವಳಿಗೆ ವಿಷಯ ಹೇಳಿಯಾಗಿತ್ತು.

"ಸಿಸ್ಟರಮ್ಮ, ನನ್ ಕೈ ನೋಡಿ." ಸೋಪಿನ ನೀರಿಗೆ ಬಿರುಕು ಬಿಟ್ಟ ಕೈ. "ಅವಳ ಬಟ್ಟೆ ನಾನಲ್ವಾ ಒಗೀಬೇಕು? ನಂಗೇನಾದ್ರೂ ಆದ್ರೆ?"

ವಿಮಲಮ್ಮ ಆ ಕೈಯನ್ನೇ ನೋಡುತ್ತ ನಿಂತಳು. ಎಷ್ಟೋ ವರ್ಷ ಎದುರಿಗೆ ಕೂತು ಅದೇ ಕೈ ತೇಪೆ ಒತ್ತುವುದನ್ನು ನೋಡಿದ್ದಳು, ಅದರ ಬಿರುಕು ಕಂಡಿರಲಿಲ್ಲ. ಬೀರುವಿನಿಂದ ಒಂದು ಜೊತೆ ತೆಗೆದು ಕೊಟ್ಟಳು. ಅಂಜಮ್ಮ ಹಾಕಿಕೊಳ್ಳಲು ಹೋಗಿ ಎರಡು ಬೆರಳನ್ನು ಒಂದೇ ತೂತಿಗೆ ತೂರಿಸಿ, "ಒಂದು ಬೆಳ್ಳು ಮಿಕ್ತಲ್ಲ ಸಿಸ್ಟರಮ್ಮ" ಎಂದಾಗ ಆ ಭಯದಲ್ಲೂ ಇಬ್ಬರಿಗೂ ನಗು ಬಂತು.

ಬೆಳಿಗ್ಗೆ ವಿಮಲಮ್ಮ ಡ್ಯೂಟಿಗೆ ಬಂದಾಗ ಕೊನೇ ರೂಮಿನ ಬಾಗಿಲಲ್ಲಿ ಕೆಂಪು ಬಟ್ಟೆ ಇರಲಿಲ್ಲ. ಅದರ ಜಾಗದಲ್ಲಿ ದಪ್ಪಗೆ ಬೇವಿನಸೊಪ್ಪಿನ ಗೊಂಚಲು ತೂಗುತ್ತಿತ್ತು.

"ಇದೇನೇ ಅಂಜಮ್ಮ?"

"ಕೆಂಪು ಬಟ್ಟೆ ಕಟ್ಟಿದ್ರೆ ಬಂದೋರೆಲ್ಲ ಏನು ಎತ್ತ ಅಂತಾರೆ. ಬೇವಿನಸೊಪ್ಪಿದ್ರೆ ಯಾರೂ ಕೇಳಲ್ಲ. ಮೈಮೇಲೆ ಅಮ್ಮ ಎದ್ದವ್ಳೆ ಅನ್ಕೊಂಡು ಅವರೇ ಕೈಮುಗ್ದು ದೂರ ಹೋಗ್ತಾರೆ. ಪಾಪ, ಆ ಮಗೀಗೂ ಅವಮಾನ ಇಲ್ಲ."

ವಿಮಲಮ್ಮ ಬೇಡ ಅನ್ನಬಹುದಾಗಿತ್ತು. ಅನ್ನಲಿಲ್ಲ. ಸೀತಾಳೆ ಸಿಡುಬು ಎದ್ದ ಮನೆಗೆ ಬೇವು ಕಟ್ಟುವುದು, ಜನ ಒಳಗೆ ಬರದೆ ಅಲ್ಲಿಂದಲೇ ಕೈಮುಗಿಯುವುದು ಅವಳೂ ಕಂಡಿದ್ದೇ. ಒಂದು ಕಾಯಿಲೆಗೆ ಜನ ಕೈಮುಗಿಯುತ್ತಾರೆ, ಇನ್ನೊಂದಕ್ಕೆ ಮನೆ ಖಾಲಿ ಮಾಡಿಸುತ್ತಾರೆ. ಮೊದಲನೆಯದರ ಮರೆಯಲ್ಲಿ ಎರಡನೆಯದನ್ನು ಬಚ್ಚಿಟ್ಟರೆ ತಪ್ಪೇನು ಅನ್ನಿಸಿತು. ಅಂಜಮ್ಮನ ತಲೆ ಚೆನ್ನಾಗಿ ಓಡಿದೆ ಅಂತಲೂ ಅನ್ನಿಸಿತು.

ಅದು ಹೆರಿಗೆ ಆಸ್ಪತ್ರೆ ಅನ್ನುವುದನ್ನು ಇಬ್ಬರೂ ಮರೆತಿದ್ದರು.

ಹಿಂದಿನ ದಿನವಷ್ಟೇ ಸೊಸೆಗೆ ಹೆರಿಗೆ ಮಾಡಿಸಿದ್ದ ಬೋರಮ್ಮ ಬಿಸಿನೀರಿಗೆ ಅಂತ ಹಿಂದುಗಡೆ ಬಂದವಳು ಸೊಪ್ಪು ನೋಡಿದಳು. ಕೈಮುಗಿದಳು, ಅದು ನಿಜ. ಆದರೆ ಆಮೇಲೆ ಸೀದಾ ವಾರ್ಡಿಗೆ ಹೋಗಿ, "ಏಳೇ, ಕೂಸು ಸುತ್ಕೋ. ಅಮ್ಮ ಬಂದಿರೋ ಆಸ್ಪತ್ರೇಲಿ ಬಾಣಂತೀನ ಇಟ್ಕೊಂಡು ಕೂರೋಕಾಯ್ತದಾ?" ಎಂದಳು. ಅಷ್ಟೇ. ತಿಂಡಿ ಹೊತ್ತಿಗೆ ಹುಣಸೆಮರದ ಕೆಳಗೆ ಆಟೋಗಳು ಸಾಲು ನಿಂತವು. ಒಬ್ಬೊಬ್ಬರಾಗಿ ಬಿಸಿನೀರಿನ ಫ್ಲಾಸ್ಕು, ತೊಟ್ಟಿಲ ಬಟ್ಟೆ, ಕೂಸು ಎತ್ತಿಕೊಂಡು ಹೊರಟೇ ಹೋದರು. ವಿಮಲಮ್ಮ ಬಾಗಿಲಿಗೆ ಅಡ್ಡ ನಿಂತು, "ಅಮ್ಮ ಅಲ್ಲ ಕಣ್ರೀ, ದೇವರಾಣೆಗೂ ಅಲ್ಲ" ಎಂದಳು.

"ಮತ್ತೆ ಸೊಪ್ಪು ಯಾಕೆ ಕಟ್ಟಿದೀರ?" ಎಂದಳು ಬೋರಮ್ಮ. ವಿಮಲಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅದೇ ಹೊತ್ತಿಗೆ, ಮುನಿಲಕ್ಷ್ಮಮ್ಮ ಆ ರೂಮಿಗೆ ಹೋದದ್ದನ್ನು ಕಂಡಿದ್ದ ಯಾರಿಂದಲೋ ಸುದ್ದಿ ಬಾಪೂಜಿ ನಗರ ಮುಟ್ಟಿತ್ತು. ಬಾಗಿಲಲ್ಲಿ ಅಕ್ಕಯ್ಯಮ್ಮ. ಒಂದು ಕೈಯಲ್ಲಿ ಮೊಸರನ್ನದ ಡಬ್ಬಿ, ಇನ್ನೊಂದರಲ್ಲಿ ಎಳನೀರು.

"ಎಲ್ಲವ್ಳೆ ನಮ್ ಹುಡುಗಿ? ಮೈಮೇಲೆ ಅಮ್ಮ ಎದ್ದವ್ಳಂತೆ. ತಂಪು ಮಾಡಕ್ಕೆ ಬಂದೆ."

"ಅಜ್ಜಿ, ಒಳಗೆ ಬಿಡೋ ಹಂಗಿಲ್ಲ."

"ನಂಗೆ ಚಿಕ್ಕೋಳಾಗಿದ್ದಾಗ್ಲೇ ಆಗೈತೆ ಕಣವ್ವ, ಎರಡ್ನೇ ಸಲ ಬರಲ್ಲ. ಬಿಡು ದಾರಿ."

ಅಂಜಮ್ಮ ಅಡ್ಡ ಹೋದಳು, ವಿಮಲಮ್ಮ ಅಡ್ಡ ಹೋದಳು; ಇಬ್ಬರ ನಡುವೆ ಮುದುಕಿ ನುಸುಳಿ ಕೊನೇ ರೂಮಿಗೆ ಹೋಗೇಬಿಟ್ಟಳು. ಮುನಿಲಕ್ಷ್ಮಮ್ಮ ಎದ್ದು ಗೋಡೆಗೆ ಆತು ನಿಂತಳು. ಅಕ್ಕಯ್ಯಮ್ಮ ಗದ್ದ ಹಿಡಿದು ಮುಖ ಎತ್ತಿದಳು, ಕೈ ತಿರುಗಿಸಿದಳು, ಕತ್ತು ನೋಡಿದಳು. ಒಂದು ಗುಳ್ಳೆಯಿಲ್ಲ. ಡಬ್ಬಿ, ಎಳನೀರು ಕಿಟಕಿಯಲ್ಲಿಟ್ಟು ಹೊರಗೆ ಬಂದಳು.

"ಅಮ್ಮ ಎಲ್ಲವ್ಳೆ?" ದನಿ ತಣ್ಣಗಿತ್ತು. "ನಮ್ ತಾಯಿ ಹೆಸರೇಳಿ ಏನನ್ನ ಬಚ್ಚಿಡ್ತಾ ಇದೀರ ನೀವು? ಗಂಡ ಅಂಗೆ ಒಣಗಿ ಹೋದ. ಈಗ ಇವ್ಳುನ್ನ ಬೇರೆ ರೂಮ್ನಾಗೆ ಕೂಡಿಟ್ಟಿದೀರ. ನನ್ ವಠಾರದಾಗೆ ಮಕ್ಳುಮರಿ ಅವ್ರೆ. ಹೇಳು, ಏನವಳಿಗೆ?"

ಬಾಗಿಲ ಸಂದಿಯಲ್ಲಿ ಮುನಿಲಕ್ಷ್ಮಮ್ಮನ ಕಣ್ಣು ಕಾಣುತ್ತಿತ್ತು. ಇನ್ನೊಂದು ಸುಳ್ಳು ಹೇಳುವುದು ಸುಲಭವಿತ್ತು, ರಕ್ತ ಕಡಿಮೆ ಅಂತಲೋ ಕಾಮಾಲೆ ಅಂತಲೋ. ಆದರೆ ಒಂದು ಸುಳ್ಳು ಇಡೀ ವಾರ್ಡು ಖಾಲಿ ಮಾಡಿಸಿದ್ದನ್ನು ವಿಮಲಮ್ಮ ಆಗಷ್ಟೇ ನೋಡಿದ್ದಳು.

"ಅಜ್ಜಿ, ಸೊಪ್ಪು ಕಟ್ಟಿದ್ದು ನಮ್ಮ ತಪ್ಪು. ನಿಮ್ಮ ತಾಯಿಗೂ ತಪ್ಪುಕಾಣಿಕೆ ಕಟ್ತೀನಿ. ಆದ್ರೆ ಅವಳಿಗೇನು ಅಂತ ನಾನು ಹೇಳಲ್ಲ."

"ಯಾಕೆ ಹೇಳಲ್ಲ?"

ವಿಮಲಮ್ಮ ದನಿ ತಗ್ಗಿಸಿದಳು. "ಹೋದ ವರ್ಷ ದೀಪಾವಳಿ ಆದ್ಮೇಲೆ ನೀವು ಇಲ್ಲಿಗೆ ಬಂದು ಮಲಗಿದ್ರಲ್ಲ, ಏನಕ್ಕೆ ಅಂತ ನಿಮ್ಮ ವಠಾರದಲ್ಲಿ ಯಾರಿಗಾದ್ರೂ ಗೊತ್ತಾ?"

ಮುದುಕಿಯ ಕೈ ತಾನಾಗಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಿತು.

"ನಿಮ್ಮ ಸೊಸೇನೇ ಬಂದು ಕೇಳಿದ್ರು. ಹೇಳಲಿಲ್ಲ. ನಾಳೆ ಕೇಳಿದ್ರೂ ಹೇಳಲ್ಲ. ನಿಮ್ಗೆ ಹೆಂಗೋ, ಆ ಹುಡುಗಿಗೂ ಹಂಗೆ. ಒಂದು ಮಾತು ಮಾತ್ರ ಹೇಳ್ತೀನಿ: ಪಕ್ಕದಲ್ಲಿ ಕೂತ್ರೆ, ಒಂದು ನಲ್ಲೀಲಿ ನೀರು ಹಿಡಿದ್ರೆ, ಒಂದು ತಟ್ಟೇಲಿ ಉಂಡ್ರೆ ನಿಮ್ಮ ವಠಾರದ ಒಂದು ಕೂಸಿಗೂ ಅವಳಿಂದ ಏನೂ ಆಗಲ್ಲ. ನನ್ನ ಮಕ್ಕಳಾಣೆ."

ಅಕ್ಕಯ್ಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, "ಹೆರಿಗೆ ಆಗ್ಲಿ, ನೋಡಾಣ" ಎಂದು ಹೊರಟುಹೋದಳು. ಅದು ಒಪ್ಪಿಗೆಯೋ ಬೆದರಿಕೆಯೋ ಅಂತ ಹೇಳುವ ಹಾಗಿರಲಿಲ್ಲ.

ಡಾಕ್ಟರು ಖಾಲಿ ವಾರ್ಡಿನ ನಡುವೆ ನಿಂತಿದ್ದರು. "ಸಿಸ್ಟರ್, ಬೇರೆ ಕಡೆ ಕಳಿಸೋಣ. ಹೀಗಾದ್ರೆ ಆಸ್ಪತ್ರೆ ಮುಚ್ಚಬೇಕಾಗುತ್ತೆ."

"ಇನ್ನೆಲ್ಲಿಗೆ ಕಳಿಸ್ತೀರ ಸಾರ್? ಆಟೋದಲ್ಲೇ ಹೆರ್ತಾಳೆ." ವಿಮಲಮ್ಮ ಬೇವಿನ ಗೊಂಚಲನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡಿದ್ದಳು. "ಜನ ಓಡಿದ್ದು ಕಾಯಿಲೆ ನೋಡಿ ಅಲ್ಲ, ಗುರುತು ನೋಡಿ. ಕೆಂಪು ಬಟ್ಟೆ ಕಟ್ಟಿದ್ರೂ ಓಡ್ತಿದ್ರು. ಇವಳದು ನಮಗೆ ಗೊತ್ತಾಯ್ತು, ಗ್ಲೌಸು ಹಾಕ್ಕೊಂಡ್ವಿ. ಗೊತ್ತಾಗದೆ ಬಂದು ಹೋದೋರು ಎಷ್ಟು ಜನಾನೋ. ಅವರ ಬಟ್ಟೆ ಎಲ್ಲ ಅಂಜಮ್ಮ ಬರಿಗೈಲೇ ಒಗೆದಿದಾಳೆ."

ಡಾಕ್ಟರು ಖಾಲಿ ಮಂಚವೊಂದರ ಮೇಲೆ ಕೂತರು. "ಹೊರಗಡೆ ದೇಶದಲ್ಲಿ ಈಗ ಹಂಗೇ ಶುರು ಮಾಡಿದಾರಂತೆ. ಯಾರದೇ ರಕ್ತ ಆಗ್ಲಿ, ಇದೆ ಅಂತಲೇ ತಿಳ್ಕೊಂಡು ಕೆಲಸ ಮಾಡೋದು. ಜರ್ನಲ್ಲಲ್ಲಿ ಓದಿ, ನಮ್ಮ ದೇಶಕ್ಕೆಲ್ಲಿ ಆಗುತ್ತೆ ಅಂತ ಮಡಚಿಟ್ಟೆ." ಆಮೇಲೆ ತಾರಸಿಯ ಮೆಟ್ಟಿಲ ಕಡೆ ನೋಡಿದರು. "ಎಲ್ರಿಗೂ ಆಗೋವಷ್ಟು ಗ್ಲೌಸು ಎಲ್ಲಿದೆ?"

"ಮಾಡ್ಕೊತೀವಿ ಸಾರ್," ಎಂದಳು ಅಂಜಮ್ಮ ಬಾಗಿಲಲ್ಲಿ ನಿಂತು. ಡಾಕ್ಟರ ಮಾತಿನ ನಡುವೆ ಅವಳು ಬಾಯಿ ಹಾಕಿದ್ದು ಅದೇ ಮೊದಲು.

ಅವತ್ತಿನ ಮಧ್ಯಾಹ್ನ ವಿಮಲಮ್ಮ ಎಂದೂ ಮರೆಯಲಿಲ್ಲ. ಬಿಸಾಡಲು ಇಟ್ಟಿದ್ದ ಹರಕು ಗ್ಲೌಸಿನ ಮೂಟೆಯೆಲ್ಲ ತಾರಸಿಗೆ ಬಂತು. ವೆಂಕಟಗಿರಿ, "ಏನ್ ಸಿಸ್ಟರ್, ಆಸ್ಪತ್ರೆಗೇ ಪಂಕ್ಚರ್ ಆಗಿದ್ಯಾ?" ಎನ್ನುತ್ತ ಸೊಲ್ಯೂಷನ್ನಿನ ಡಬ್ಬವನ್ನೇ ತಂದುಕೊಟ್ಟ. ಡಾಕ್ಟರೂ ಮೇಲೆ ಬಂದು, ತೋಳು ಮಡಚಿ, ತೇಪೆ ಕತ್ತರಿಸುತ್ತ ಕೂತರು. ಅವರ ಅಂಕುಡೊಂಕು ತೇಪೆ ನೋಡಿ ಅಂಜಮ್ಮ, "ಹೊಟ್ಟೆ ಹೊಲಿಯೋದು ನಾವು ನೋಡಿಲ್ಲ, ಅದೂ ಹಿಂಗೇ ಏನು ಸಾರ್?" ಎಂದಳು. ಅಲ್ಲೇ ಕೂತು ಮೂವರೂ ಕಟ್ಟುಪಾಡು ಮಾಡಿಕೊಂಡರು. ತೇಪೆಯ ಗ್ಲೌಸು ಬಟ್ಟೆ ಒಗೆಯುವವರಿಗೆ, ನೆಲ ಒರೆಸುವವರಿಗೆ, ಗಟ್ಟಿಯದು ಹೆರಿಗೆಗೆ. ಪ್ರತಿ ಮಂಚದ ಕೆಳಗೂ ಬ್ಲೀಚಿಂಗ್ ಪೌಡರಿನ ನೀರಿನ ಬಕೆಟ್ಟು, ಒಂದೇ ಬಣ್ಣದ್ದು. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ಸೀದಾ ಹಾಲಿನಪುಡಿ ಡಬ್ಬಕ್ಕೆ ಹಾಕುವುದು. ಯಾರಿಗೇನು ಅನ್ನುವುದು ಡಾಕ್ಟರ ರೂಮು ದಾಟಕೂಡದು. ಡಾಕ್ಟರು ದೊಡ್ಡಕ್ಷರದಲ್ಲಿ ಬರೆದು ವಾರ್ಡಿನ ಗೋಡೆಗೆ ಅಂಟಿಸಿದರು: ರಕ್ತ ಮುಟ್ಟುವವರು ಯಾರೇ ಆಗಲಿ ಗ್ಲೌಸು ಹಾಕತಕ್ಕದ್ದು, ಯಾರದೇ ರಕ್ತವಾಗಲಿ.

ಮುನಿಲಕ್ಷ್ಮಮ್ಮನನ್ನು ಕೊನೇ ರೂಮಿನಿಂದ ವಾರ್ಡಿಗೆ, ಕಿಟಕಿ ಪಕ್ಕದ ಮಂಚಕ್ಕೆ ತಂದರು. ಸೊಪ್ಪು ಹೋದ ಸುದ್ದಿಯೂ ಬಂದಷ್ಟೇ ಬೇಗ ಹರಡಿತು. ಹೆರುವ ನೋವು ಯಾರನ್ನೂ ಕಾಯುವುದಿಲ್ಲವಲ್ಲ, ಎರಡು ದಿನದಲ್ಲಿ ಹೊಸ ಬಸುರಿಯರು ಬಂದರು.

ಅವಳ ಹೆರಿಗೆಯಾದದ್ದು ಬೆಳಿಗ್ಗೆ, ಹಾಲಿನವನು ಬಂದು ಹೋದ ಮೇಲೆ. ಡಾಕ್ಟರು ಒಂದರ ಮೇಲೊಂದು ಗ್ಲೌಸು ಹಾಕಿದ್ದರು. ಆದರೂ ಮೊದಮೊದಲು ಅದರ ಅಂಚನ್ನು ಮತ್ತೆ ಮತ್ತೆ ಮಣಿಕಟ್ಟಿಗೆ ಎಳೆದುಕೊಳ್ಳುತ್ತಿದ್ದರು. ವಿಮಲಮ್ಮ ತನ್ನ ಕೈಯನ್ನು ಅವರ ಕೈಯ ಪಕ್ಕ ಇಟ್ಟಳು. ಕೂಸಿನ ತಲೆ ಕಂಡ ಮೇಲೆ ಇಬ್ಬರಿಗೂ ಭಯ ಮರೆತುಹೋಯಿತು, ಕೆಲಸವಷ್ಟೇ ಉಳಿಯಿತು. ಹೆಣ್ಣು ಕೂಸು. ಅಂಜಮ್ಮ ರಬ್ಬರಿನ ಕೈಯಲ್ಲೇ ಎತ್ತಿಕೊಂಡು ಒರೆಸಿ, "ಅಯ್ಯೋ ನನ್ ಬೆಲ್ಲದಚ್ಚೇ" ಎಂದಳು.

ಬಿಟ್ಟು ಕಳಿಸುವ ದಿನ ಅಕ್ಕಯ್ಯಮ್ಮ ಬಂದಳು. ಮುನಿಲಕ್ಷ್ಮಮ್ಮ ಕೂಸನ್ನು ಎದೆಗವಚಿಕೊಂಡು, ಮುದುಕಿಯ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು. ಅಕ್ಕಯ್ಯಮ್ಮ ಅವಳ ಹತ್ತಿರ ಹೋಗಲಿಲ್ಲ. ಸೊಂಟಕ್ಕೆ ಕೈಕೊಟ್ಟು ವಾರ್ಡಿನ ಆ ತುದಿಯಿಂದ ಈ ತುದಿಗೆ ನಡೆದು, ಬಗ್ಗಿ ಪ್ರತಿಯೊಂದು ಮಂಚದ ಕೆಳಗೆ ಇಣುಕಿದಳು. ಬಕೆಟ್ಟು. ಇಲ್ಲೂ ಬಕೆಟ್ಟು. ಅಂಜಮ್ಮ ಗ್ಲೌಸು ಹಾಕಿಕೊಂಡು ಬೇರೆ ಯಾರದೋ ಹಾಸಿಗೆ ಬಟ್ಟೆ ಎಳೆಯುತ್ತಿದ್ದಳು.

"ನನ್ ಮೊಮ್ಮಗಳ ಬಾಣಂತನಕ್ಕೆ ಇವೆಲ್ಲ ಇರ್ಲಿಲ್ವಲ್ಲ?"

"ಹೊಸ ಕಟ್ಟುಪಾಡು ಅಜ್ಜಿ. ಎಲ್ರಿಗೂ. ನಾಳೆ ನೀವೇ ಬಂದು ಮಲಗಿದ್ರೂ ಹಿಂಗೇ."

"ಎಲ್ರಿಗೂನಾ."

"ಎಲ್ರಿಗೂ."

ಮುದುಕಿ ಕಿಟಕಿ ಪಕ್ಕದ ಮಂಚದ ಹತ್ತಿರ ಬಂದು, ಎರಡೂ ಕೈ ಚಾಚಿ ಕೂಸನ್ನು ಇಸಿದುಕೊಂಡಳು. ಮೂಗು ಯಾರ ಹಾಗಿದೆ ಅಂತ ನೋಡಿದಳು. "ಏಳು ಕಣೇ," ಎಂದಳು ಮುನಿಲಕ್ಷ್ಮಮ್ಮನಿಗೆ, "ಒಲೆ ಮೇಲೆ ನೀರಿಟ್ಟು ಬಂದಿದೀನಿ, ಕಾದು ಆರೋಯ್ತದೆ."

ಮುನಿಲಕ್ಷ್ಮಮ್ಮ ಅಳುತ್ತಲೇ ಚಪ್ಪಲಿ ಹುಡುಕಿದಳು.

ಆಟೋ ಹತ್ತುವ ಮುಂಚೆ ಅಕ್ಕಯ್ಯಮ್ಮ ವಿಮಲಮ್ಮನನ್ನು ಹುಣಸೆಮರದ ಕಡೆ ಕರೆದಳು. "ಆ ರಬ್ಬರ್ ಕೈ ಒಂದು ಜೊತೆ ಕೊಡವ್ವ. ಬಾಣಂತಿ ಬಟ್ಟೆ ಒಗಿಯಾಕೆ."

ವಿಮಲಮ್ಮ ಅವಳ ಮುಖ ನೋಡಿದಳು. ಇಬ್ಬರೂ ಆ ಕಾಯಿಲೆಯ ಹೆಸರೆತ್ತಲಿಲ್ಲ. "ಕೂಸಿಗೆ ನೀರೆರೆಯೋಕೆ ಬರಿಗೈಯೇ ಸಾಕು ಅಜ್ಜಿ. ರಕ್ತದ ಬಟ್ಟೆಗೆ ಮಾತ್ರ."

"ಗೊತ್ತಾಯ್ತು ಬಿಡು. ಇವಳೊಬ್ಬಳಿಗೇ ಹಾಕಿದ್ರೆ ವಠಾರದೋರು ಬಿಟ್ಟಾರಾ? ಇನ್ಮೇಕೆ ಎಲ್ಲಾ ಬಾಣಂತೀರಿಗೂ ಹಾಕ್ತೀನಿ. ವಯಸ್ಸಾಯ್ತು, ಮುದುಕಿಗೆ ಸೋಪು ಕಡಿಯುತ್ತೆ ಅಂದ್ರಾಯ್ತು."

ಆ ಹುಡುಗಿಗೆ ಮುಂದೆ ಕಾಯಿಲೆ ಬಂತು; ಆಗ ಅದಕ್ಕೆ ಔಷಧಿ ಅಂತ ಯಾರ ಹತ್ತಿರವೂ ಇರಲಿಲ್ಲ. ಆದರೆ ಕೊನೆಯವರೆಗೂ ಅಕ್ಕಯ್ಯಮ್ಮನ ವಠಾರದಲ್ಲೇ, ತನ್ನ ಮನೆಯಲ್ಲೇ ಇದ್ದಳು. ಕೂಸಿಗೆ ತಾಯಿಯದು ಅಂಟಿರಲಿಲ್ಲ. ಅದು ವಠಾರದ ಎಲ್ಲರ ಸೊಂಟದ ಮೇಲೂ ಕೂತು ಬೆಳೆಯಿತು.

ಆಮೇಲೆ ಡಬ್ಬ ಡಬ್ಬ ಗ್ಲೌಸು ಬಂದವು, ಹಾಕಿ ಬಿಸಾಡುವಂಥವು. ಒಳ್ಳೆಯದೇ ಆಯಿತು ಎನ್ನುತ್ತಾಳೆ ವಿಮಲಮ್ಮ. ಆದರೂ ಮಧ್ಯಾಹ್ನದ ಊಟವಾದ ಮೇಲೆ ಅವಳ ಬೆರಳುಗಳು ಈಗಲೂ ಸುಮ್ಮನಿರುವುದಿಲ್ಲ, ಸೆರಗಿನ ತುದಿಯನ್ನು ಹಿಡಿದು ತೇಪೆ ಒತ್ತುವ ಹಾಗೆ ಒತ್ತುತ್ತಿರುತ್ತವೆ. ಕೂಸು ಹುಟ್ಟಿದ ಆ ವರ್ಷ ಮಳೆ ನಿಂತ ಮೇಲೆ ಒಂದು ದಿನ ಬಾಪೂಜಿ ನಗರದ ಆ ಬೀದಿಯಲ್ಲಿ ಹೋಗುತ್ತ ಅವಳು ನಿಂತು ನೋಡಿದ್ದಳು. ವಠಾರದ ಅಂಗಳದ ಹಗ್ಗದಲ್ಲಿ ಕೂಸಿನ ಬಟ್ಟೆಗಳ ಸಾಲಿನ ನಡುವೆ ಎರಡು ರಬ್ಬರ್ ಕೈ ತೂಗುತ್ತಿದ್ದವು. ಒಂದರ ಹೆಬ್ಬೆರಳಿನ ಮೇಲೆ ಅಂಕುಡೊಂಕಾದ ತೇಪೆ. ಅದು ಡಾಕ್ಟರು ಹಾಕಿದ್ದೆಂದು ದೂರದಿಂದಲೇ ಗೊತ್ತಾಗುತ್ತಿತ್ತು.